ಕೋಲಾರ ಸೀಮೆಯಲ್ಲಿ ಜನಸಂಖ್ಯೆ, ಕುಟುಂಬ ಯೋಜನೆ ಮತ್ತು ಯೋಗಕ್ಷೇಮ

ಜನಸಂಖ್ಯೆಯ ಏರಿಕೆಯು ಮನುಷ್ಯರ ಯೋಗಕ್ಷೇಮವನ್ನು ಕುಗ್ಗಿಸುತ್ತದೆಯೇ, ಕುಟುಂಬ ಯೋಜನೆಯು ಅದನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಇಡೀ ದೇಶದ ಅಥವಾ ಜಗತ್ತಿನ ಅಳತೆಯಲ್ಲಿ ಕೇಳಲಾಗುತ್ತದೆ. ಆದರೆ ನೀರು, ಹೊಲ, ಮದುವೆ, ಹೆರಿಗೆ ಇವೆಲ್ಲ ಊರು ಮನೆಗಳ ಮಟ್ಟದಲ್ಲಿ ನಡೆಯುವ ಸಂಗತಿಗಳಾದ್ದರಿಂದ, ಉತ್ತರವನ್ನು ಒಂದು ಸೀಮೆಯೊಳಗೆ ನಿಂತು ಹುಡುಕಿದಾಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಇಂಥ ಹುಡುಕಾಟಕ್ಕೆ ತಕ್ಕ ನೆಲ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್ ಮಳೆ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಕೆರೆಯ ಅಚ್ಚುಕಟ್ಟು, ರಾಗಿಯ ಬೆದ್ದಲು, ಹಿಪ್ಪುನೇರಳೆ ತೋಟ, ಹಾಲು, ಮಾವು, ಟೊಮೆಟೊ ಇವುಗಳ ಮೇಲೆ ಬದುಕು ನಿಂತಿದೆ. 1901ರಲ್ಲಿ ಅಂದಿನ ಕೋಲಾರ ಜಿಲ್ಲೆಯ ಜನಸಂಖ್ಯೆ 7.23 ಲಕ್ಷವಾಗಿತ್ತು, 2001ರ ಹೊತ್ತಿಗೆ, ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ, ಅದು 25.36 ಲಕ್ಷಕ್ಕೆ ಏರಿತ್ತು. ನೂರು ವರ್ಷಗಳಲ್ಲಿ ಮೂರೂವರೆ ಪಟ್ಟು ಬೆಳೆದ ಈ ಸೀಮೆಯಲ್ಲಿ ಏರಿಕೆಯ ವೇಗ ಈಗ ತಗ್ಗಿದೆ: 2007ರ ವಿಭಜನೆಯ ನಂತರದ ಜಿಲ್ಲೆಯ ಎಲ್ಲೆಯೊಳಗೆ 2001ರಿಂದ 2011ರವರೆಗಿನ ಹೆಚ್ಚಳ ಶೇ. 10.77 ಮಾತ್ರ, ಅದೇ ಅವಧಿಯಲ್ಲಿ ಕರ್ನಾಟಕದ ಹೆಚ್ಚಳ ಶೇ. 15.6. ಹೀಗಾಗಿ ಏರಿಕೆಯ ಪರಿಣಾಮಗಳನ್ನೂ ಇಳಿಕೆಯ ಪರಿಣಾಮಗಳನ್ನೂ ಒಂದೇ ಕಡೆ ಪರೀಕ್ಷಿಸಲು ಇಲ್ಲಿ ಸಾಧ್ಯವಿದೆ.

ಜನಸಂಖ್ಯೆ ಯಾವಾಗಲೂ ಏರುತ್ತಲೇ ಇತ್ತೆಂದು ಭಾವಿಸುವುದು ತಪ್ಪು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟುಗಳು ಹೆಚ್ಚಾಗಿದ್ದಂತೆ ಸಾವುಗಳೂ ಹೆಚ್ಚಾಗಿದ್ದವು. ಧಾತು ಈಶ್ವರ ಸಂವತ್ಸರಗಳ ಬರವೆಂದು ಜನ ನೆನೆಯುವ 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಜನರಲ್ಲಿ ಸುಮಾರು ಹತ್ತು ಲಕ್ಷ ಮಂದಿಯನ್ನು ಕಳೆದುಕೊಂಡಿತು, 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಆ ಬರದ ಪೆಟ್ಟು ಕೋಲಾರದಂಥ ಮೈದಾನದ ಜಿಲ್ಲೆಗಳಿಗೆ ಜೋರಾಗಿ ತಗುಲಿತು. ಅನಂತರ ಪ್ಲೇಗ್ ಬಂತು, 1918ರಲ್ಲಿ ಇನ್‌ಫ್ಲುಯೆಂಜಾ ಬಂತು. 1921ರ ನಂತರ ಸಾವಿನ ದರ ಸ್ಥಿರವಾಗಿ ಇಳಿಯತೊಡಗಿ, ಹುಟ್ಟಿನ ದರ ಹಿಂದಿನಂತೆಯೇ ಉಳಿದದ್ದರಿಂದ ಜನಸಂಖ್ಯೆ ಉಬ್ಬಿತು; ಮುಂದೆ ಹುಟ್ಟಿನ ದರವೂ ಇಳಿದಾಗ ಏರಿಕೆ ನಿಧಾನವಾಯಿತು. ಹೆಚ್ಚು ಹುಟ್ಟು ಹೆಚ್ಚು ಸಾವಿನ ಸ್ಥಿತಿಯಿಂದ ಕಡಿಮೆ ಹುಟ್ಟು ಕಡಿಮೆ ಸಾವಿನ ಸ್ಥಿತಿಗೆ ಸಾಗುವ ಈ ಪಯಣವನ್ನೇ ಜನಸಂಖ್ಯಾ ಸ್ಥಿತ್ಯಂತರ ಎನ್ನುತ್ತಾರೆ. ಇದನ್ನು ಹೇಳುವಾಗ ಒಂದು ಮಾತನ್ನು ಮರೆಯಬಾರದು: ಜನಸಂಖ್ಯೆ ಏರಿದ್ದಕ್ಕೆ ಮೊದಲ ಕಾರಣ ಬಡವರು ಹೆಚ್ಚು ಮಕ್ಕಳನ್ನು ಹೆತ್ತದ್ದಲ್ಲ, ಹುಟ್ಟಿದ ಮಕ್ಕಳು ಬದುಕಿ ಉಳಿದದ್ದು. ಆ ಏರಿಕೆಯೇ ಒಂದು ಬಗೆಯ ಯೋಗಕ್ಷೇಮದ ಗುರುತು.

ಜನನ ನಿಯಂತ್ರಣದ ವಿಚಾರದಲ್ಲಿ ಹಳೆಯ ಮೈಸೂರು ಸೀಮೆಗೆ ಜಗತ್ತಿನ ಚರಿತ್ರೆಯಲ್ಲೇ ಒಂದು ಸ್ಥಾನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ಜೂನ್ 11ರಂದು ಸಂಸ್ಥಾನದ ಸರ್ಕಾರವು ತನ್ನ ನಾಲ್ಕು ಪ್ರಮುಖ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೇ ಮುಂದೆ ನಿಂತು ಇಂಥ ಕೇಂದ್ರಗಳನ್ನು ತೆರೆದದ್ದು ಎಲ್ಲಿಯೂ ಅದೇ ಮೊದಲೆಂದು ಪರಿಗಣಿಸಲಾಗಿದೆ. ಸ್ವಾತಂತ್ರ್ಯಾನಂತರ ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡ ಮೊದಲ ದೇಶವಾಯಿತು, ಅದರ ಆರಂಭದ ಪ್ರಯೋಗಗಳೂ ಇದೇ ಸೀಮೆಯಲ್ಲಿ ನಡೆದವು. ಋತುಚಕ್ರದ ಸುರಕ್ಷಿತ ದಿನಗಳನ್ನು ಎಣಿಸಿ ಗರ್ಭ ತಡೆಯುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ರಾಮನಗರದಲ್ಲಿ ಪರೀಕ್ಷಿಸಲಾಯಿತು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು, ಆದರೆ ಆ ಕ್ರಮ ಜನರಲ್ಲಿ ಬೇರೂರಲಿಲ್ಲ. ಅದೇ ಹೊತ್ತಿಗೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ಕೈಗೊಂಡ, 1961ರಲ್ಲಿ ಪ್ರಕಟವಾದ ಮೈಸೂರು ಜನಸಂಖ್ಯಾ ಅಧ್ಯಯನವು, ಹಳ್ಳಿಯ ದಂಪತಿಗಳಲ್ಲೂ ಮಕ್ಕಳ ಸಂಖ್ಯೆಗೆ ಮಿತಿ ಬೇಕೆಂಬ ಬಯಕೆ ಆಗಲೇ ಇತ್ತೆಂದು ತೋರಿಸಿತು. ಬಯಕೆಯಿತ್ತು, ಅದನ್ನು ಈಡೇರಿಸುವ ನಂಬಿಕೆಯ ಸಾಧನವಿರಲಿಲ್ಲ ಎಂಬ ಈ ಸಂಗತಿಯನ್ನು ಮುಂದಿನ ದಶಕಗಳ ಅಧಿಕಾರಿಗಳು ಗಮನಿಸಿದ್ದರೆ, ಜನರಿಗೆ ತಿಳಿವಳಿಕೆಯಿಲ್ಲ, ಆದ್ದರಿಂದ ಒತ್ತಾಯ ಬೇಕು ಎಂಬ ತರ್ಕ ಅಷ್ಟು ಸುಲಭವಾಗಿ ನೆಲೆಯೂರುತ್ತಿರಲಿಲ್ಲ. 1970ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಸ್ವೀಡನ್ ನೆರವಿನ ಭಾರತ ಜನಸಂಖ್ಯಾ ಯೋಜನೆಯು ಬೆಂಗಳೂರು ವಿಭಾಗವನ್ನು ಆರಿಸಿಕೊಂಡಾಗ ಕೋಲಾರ ಜಿಲ್ಲೆಯೂ ಅದರೊಳಗೆ ಸೇರಿತು; ಹಳ್ಳಿಗಳ ಉಪಕೇಂದ್ರಗಳಿಗೂ ನರ್ಸಮ್ಮಂದಿರ ನೇಮಕ, ತರಬೇತಿಗಳಿಗೂ ಅದರಿಂದ ಬಲ ಬಂತು.

ಜನಸಂಖ್ಯೆ ಮತ್ತು ಸಂಪನ್ಮೂಲಗಳ ಸಂಬಂಧದ ಬಗ್ಗೆ ವಿದ್ವಾಂಸರಲ್ಲಿ ಎರಡು ಧೋರಣೆಗಳಿವೆ. 1798ರಲ್ಲಿ ಥಾಮಸ್ ಮಾಲ್ಥಸ್ ಮಂಡಿಸಿದ ವಾದದ ಪ್ರಕಾರ ಉಣ್ಣುವ ಬಾಯಿಗಳು ಅನ್ನಕ್ಕಿಂತ ಬೇಗ ಹೆಚ್ಚುತ್ತವೆ, ಬರ ಮತ್ತು ರೋಗಗಳು ಆ ವ್ಯತ್ಯಾಸವನ್ನು ಸರಿದೂಗಿಸುತ್ತವೆ. 1965ರಲ್ಲಿ ಎಸ್ಟರ್ ಬೋಸರಪ್ ಇದನ್ನು ತಿರುಗಿಸಿ, ಜನ ಹೆಚ್ಚಿದಾಗಲೇ ರೈತರು ಹೊಸ ಬೇಸಾಯ ಕ್ರಮಗಳನ್ನು ಕಂಡುಕೊಳ್ಳುತ್ತಾರೆ ಎಂದರು. ಕೋಲಾರ ಸೀಮೆಯ ನೀರಿನ ಕಥೆಯನ್ನು ಈ ಎರಡರಲ್ಲಿ ಯಾವುದೂ ಪೂರ್ತಿಯಾಗಿ ವಿವರಿಸುವುದಿಲ್ಲ. ಇಲ್ಲಿನ ತಾಲ್ಲೂಕುಗಳೆಲ್ಲ ಅಂತರ್ಜಲದ ಅತಿ ಬಳಕೆಯ ಪಟ್ಟಿಯಲ್ಲಿವೆ. ಒಂದು ಕಾಲಕ್ಕೆ ಸೇದುವ ಬಾವಿಯಲ್ಲಿ ಕೈಗೆಟುಕುತ್ತಿದ್ದ ನೀರು ಈಗ ಸಾವಿರ ಅಡಿ ದಾಟಿದ ಕೊಳವೆಬಾವಿಯಲ್ಲೂ ಖಚಿತವಿಲ್ಲ, ಸಿಕ್ಕ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚಾಗಿದೆ. ಜನ ಹೆಚ್ಚಿದ ವೇಗಕ್ಕಿಂತ ನೀರು ಕೆಳಗಿಳಿದ ವೇಗ ಎಷ್ಟೋ ಪಾಲು ಹೆಚ್ಚು. ಜನಸಂಖ್ಯೆಯ ಏರಿಕೆ ನಿಧಾನವಾದ ದಶಕಗಳಲ್ಲೇ ಕೊಳವೆಬಾವಿಗಳು ಅತ್ಯಂತ ಆಳಕ್ಕೆ ಇಳಿದವು. ಕೆರೆಗಳ ಹೂಳು ತೆಗೆಯುವ, ತೂಬು ಕಾಯುವ ಊರೊಟ್ಟಿನ ಏರ್ಪಾಡು ಕುಸಿದದ್ದು, ಒಬ್ಬೊಬ್ಬ ರೈತನೂ ಸಾಲ ಮಾಡಿ ತನ್ನದೇ ಬಾವಿ ಕೊರೆಸಿದ್ದು, ಮಾರುಕಟ್ಟೆಗಾಗಿ ಹೆಚ್ಚು ನೀರು ಬೇಡುವ ತರಕಾರಿ ಬೆಳೆದದ್ದು ಇದಕ್ಕೆ ಕಾರಣಗಳು. ತಲೆ ಎಣಿಕೆಯಿಂದ ಇವು ಹುಟ್ಟಲಿಲ್ಲ.

ನೀಲಗಿರಿಯ ಪ್ರಸಂಗ ಇದಕ್ಕೆ ಇನ್ನಷ್ಟು ಬಲವಾದ ಸಾಕ್ಷ್ಯ. 1980ರ ದಶಕದ ಆರಂಭದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ಕೋಲಾರ ಜಿಲ್ಲೆಯ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ವಂದನಾ ಶಿವ, ಎಚ್. ಸಿ. ಶರತ್ಚಂದ್ರ ಮತ್ತು ಜಯಂತ ಬಂದ್ಯೋಪಾಧ್ಯಾಯ ಅವರು 1981ರಲ್ಲಿ ಕೋಲಾರದ ಬಗ್ಗೆ ನಡೆಸಿದ ಅಧ್ಯಯನವು, ಈ ಬದಲಾವಣೆಯಿಂದ ಜನರ ಆಹಾರ, ದನಗಳ ಮೇವು, ಕೂಲಿಯವರ ಕೆಲಸ ಮೂರಕ್ಕೂ ಪೆಟ್ಟು ಬೀಳುತ್ತದೆಂದು ಎಚ್ಚರಿಸಿತು. ರಾಗಿ ಹೊಲಕ್ಕೆ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆಗಳಿಗೆ ಆಳು ಬೇಕು. ನೀಲಗಿರಿಗೆ ನೆಟ್ಟಾಗ ಮತ್ತು ಕಡಿಯುವಾಗ ಹೊರತು ಬೇಕಿಲ್ಲ. ಇದರಿಂದ ಊರಿನಲ್ಲಿ ಕೆಲಸಕ್ಕಿಂತ ಕೈಗಳು ಹೆಚ್ಚಾದಂತೆ ತೋರಿತು, ಆದರೆ ಹೆಚ್ಚಾದದ್ದು ಕೈಗಳಲ್ಲ, ಕಡಿಮೆಯಾದದ್ದು ಕೆಲಸ. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ 2017 ಬಂದಿತ್ತು. ಇನ್ನೊಂದು ದಿಕ್ಕಿನಿಂದ ನೋಡಿದರೆ, ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಲಕ್ಷ್ಮೀಸಾಗರದ ಕೆರೆಯಿಂದ ಮೊದಲ್ಗೊಂಡು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ನೀರನ್ನು ಮೂರನೆಯ ಹಂತದವರೆಗೆ ಶುದ್ಧೀಕರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು. ಆದರೂ ಮಹಾನಗರದ ಜನದಟ್ಟಣೆಯ ಒಂದು ಫಲ ಬರಡು ಸೀಮೆಯ ಬಾವಿಗಳಿಗೆ ಜೀವ ಕೊಟ್ಟಿರುವುದನ್ನು ಮಾಲ್ಥಸ್‌ನ ಲೆಕ್ಕದಲ್ಲಿ ಎಲ್ಲಿ ಬರೆಯಬೇಕೆಂಬುದು ಸುಲಭದ ಪ್ರಶ್ನೆಯಲ್ಲ.

ಭೂಮಿಯ ವಿಷಯದಲ್ಲಿ ಮಾತ್ರ ಸಂಖ್ಯೆಯ ಒತ್ತಡ ನಿಜ. ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1970–71ರಲ್ಲಿ 3.20 ಹೆಕ್ಟೇರ್ ಇದ್ದದ್ದು 2015–16ರಲ್ಲಿ 1.36 ಹೆಕ್ಟೇರ್‌ಗೆ ಇಳಿದಿದೆ. ಅಣ್ಣ ತಮ್ಮಂದಿರ ಪಾಲಿನಲ್ಲಿ ಒಂದು ತಲೆಮಾರು ಕಳೆದಾಗಲೆಲ್ಲ ಹೊಲ ತುಂಡಾಗುತ್ತದೆ. ಆದರೆ ಈ ವಾದವು ಹೊಲವಿದ್ದವರಿಗಷ್ಟೇ ಅನ್ವಯಿಸುತ್ತದೆ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಯವರು ಶೇ. 30ಕ್ಕೂ ಹೆಚ್ಚು, ಇದು ರಾಜ್ಯದ ಜಿಲ್ಲೆಗಳಲ್ಲಿ ಮುಂಚೂಣಿಯ ಪ್ರಮಾಣ. ಆ ಮನೆಗಳಲ್ಲಿ ಅನೇಕವು ಮೊದಲಿನಿಂದಲೂ ಭೂಮಿಯಿಲ್ಲದವು ಅಥವಾ ಅರೆ ಎಕರೆ ಬೆದ್ದಲಿನವು. ಎರಡೇ ಮಕ್ಕಳಾದರೆ ಬಡತನ ತೊಲಗುತ್ತದೆಂದು ಗೋಡೆಗಳ ಮೇಲೆ ಬರೆದ, ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನದ ಜಾಹೀರಾತು ಈ ಮನೆಗಳಿಗೆ ಕೊಟ್ಟ ಭರವಸೆಯನ್ನು, ಭೂಮಿ ಮತ್ತು ಕೂಲಿಯ ಪ್ರಶ್ನೆಗಳನ್ನು ಮುಟ್ಟದೆ ಯಾವ ಕುಟುಂಬ ಯೋಜನೆಯೂ ಈಡೇರಿಸಲಾರದು.

ಹಾಗಿದ್ದರೂ ಹುಟ್ಟಿನ ದರ ಇಳಿಯಿತು, ಬಹಳ ಬೇಗ ಇಳಿಯಿತು. ಒಬ್ಬ ಹೆಂಗಸು ತನ್ನ ಹೆರುವ ವಯಸ್ಸಿನುದ್ದಕ್ಕೂ ಸರಾಸರಿ ಎಷ್ಟು ಮಕ್ಕಳನ್ನು ಹೆರಬಹುದೆಂದು ಸೂಚಿಸುವ ಅಂಕಿಯನ್ನು ಒಟ್ಟು ಫಲವಂತಿಕೆ ದರ ಎನ್ನುತ್ತಾರೆ, ಅದು 2.1ರಷ್ಟಿದ್ದರೆ ತಂದೆತಾಯಿಯರ ಸ್ಥಾನವನ್ನು ಮಕ್ಕಳು ತುಂಬಿ ಜನಸಂಖ್ಯೆ ಕಾಲಕ್ರಮದಲ್ಲಿ ಸ್ಥಿರವಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಈ ದರ 1992–93ರಲ್ಲಿ 2.85, 1998–99ರಲ್ಲಿ 2.13, 2019–21ರಲ್ಲಿ 1.7. ಇಳಿಕೆಯ ಕಾರಣಗಳನ್ನು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ 1970ರ ದಶಕದ ಕೊನೆಯಿಂದ ವರ್ಷಗಟ್ಟಲೆ ಬೀಡುಬಿಟ್ಟು ಪರಿಶೀಲಿಸಿದ ಜಾನ್ ಕಾಲ್ಡ್‌ವೆಲ್, ಪಿ. ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರು 1988ರ ತಮ್ಮ ಗ್ರಂಥದಲ್ಲಿ ಶಾಲೆಯ ಪಾತ್ರವನ್ನು ಎತ್ತಿ ಹೇಳಿದರು. ದನ ಕಾಯುವ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಮಗು ಮನೆಯ ಗಳಿಕೆಗೆ ಕೈಜೋಡಿಸುತ್ತದೆ. ಶಾಲೆಗೆ ಹೋಗುವ ಮಗುವಿಗೆ ಬಟ್ಟೆ, ಪುಸ್ತಕ, ಕಾಲ ಎಲ್ಲವನ್ನೂ ಮನೆಯೇ ಒದಗಿಸಬೇಕು. ಹುಟ್ಟಿದ ಮಕ್ಕಳು ಉಳಿಯುತ್ತಾರೆಂಬ ಧೈರ್ಯವೂ, ಉಳಿದವರನ್ನು ಓದಿಸಬೇಕೆಂಬ ಆಸೆಯೂ ಜೊತೆಗೂಡಿದಾಗ ತಂದೆತಾಯಂದಿರೇ ಎರಡಕ್ಕೆ ನಿಲ್ಲಿಸಲು ತೀರ್ಮಾನಿಸಿದರು. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂಬ ಘೋಷಣೆ ಜನಪ್ರಿಯವಾದದ್ದು ಆ ತೀರ್ಮಾನಕ್ಕೆ ಮಾತು ಸಿಕ್ಕಿದ್ದರಿಂದ.

ಕಡಿಮೆ ಹೆರಿಗೆಗಳಿಂದ ತಾಯಂದಿರಿಗೆ ಆದ ಲಾಭ ಸಂದೇಹಾತೀತ. ಒಂದು ಲಕ್ಷ ಸಜೀವ ಜನನಗಳಿಗೆ ಎಷ್ಟು ತಾಯಂದಿರು ಗರ್ಭ ಮತ್ತು ಹೆರಿಗೆಯ ಕಾರಣದಿಂದ ಸಾಯುತ್ತಾರೆಂಬ ಲೆಕ್ಕವಾದ ತಾಯಿ ಮರಣ ಪ್ರಮಾಣವು ಕರ್ನಾಟಕದಲ್ಲಿ 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಐದನೆಯ, ಆರನೆಯ ಹೆರಿಗೆಯ ಅಪಾಯ ಇಲ್ಲವಾದದ್ದು ಇದರ ಒಂದು ಪಾಲು. ಸೂಲಗಿತ್ತಿಯ ಕೈಯಿಂದ ಆಸ್ಪತ್ರೆಗೆ ಹೆರಿಗೆ ಸರಿದದ್ದು, ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡ್, ಆಂಬುಲೆನ್ಸ್ ಬಂದದ್ದು ಇನ್ನೊಂದು ಪಾಲು. ಗುಡ್ಡದ ಬದಿಯ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಗೆ ಈ ಎರಡನೆಯ ಪಾಲು ಮೊದಲನೆಯದಕ್ಕಿಂತ ದೊಡ್ಡದೆನ್ನಬೇಕು.

ಹುಟ್ಟು ತಗ್ಗಿಸಿದ ಈ ಸಾಧನೆಯ ಬೆಲೆಯನ್ನು ತೆತ್ತವರು ಯಾರು ಎಂಬಲ್ಲಿ ಈ ಬರಹ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. 1970ರ ದಶಕದ ಆರಂಭದವರೆಗೆ ದೇಶದಲ್ಲಿ ನಡೆಯುತ್ತಿದ್ದ ಸಂತಾನಹರಣ ಶಸ್ತ್ರಚಿಕಿತ್ಸೆಗಳಲ್ಲಿ ಗಂಡಸರವೇ ಹೆಚ್ಚು. ತುರ್ತುಪರಿಸ್ಥಿತಿಯ 1976–77ರಲ್ಲಿ ದೇಶದಾದ್ಯಂತ 82 ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳಾದವು. ಶಾಲಾ ಶಿಕ್ಷಕರಿಂದ ಹಿಡಿದು ಕಂದಾಯದ ನೌಕರರವರೆಗೆ ಎಲ್ಲರಿಗೂ ಗುರಿ ಹಂಚಲಾಯಿತು, ಉತ್ತರದ ರಾಜ್ಯಗಳಲ್ಲಿ ನಡೆದ ಬಲವಂತವನ್ನು, ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗ ದಾಖಲಿಸಿತು. ಆ ಬಳಿಕ ಯಾವ ಸರ್ಕಾರವೂ ಗಂಡಸರ ಬಳಿ ಆ ಮಾತೆತ್ತಲು ಧೈರ್ಯ ಮಾಡಲಿಲ್ಲ, ಇಡೀ ಕಾರ್ಯಕ್ರಮ ಕುಟುಂಬ ಕಲ್ಯಾಣವೆಂದು ಹೆಸರು ಬದಲಿಸಿಕೊಂಡು ಹೆಂಗಸರ ಕಡೆಗೆ ತಿರುಗಿತು. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ. 57.4ರಷ್ಟು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೂನ್ಯಕ್ಕೆ ಹತ್ತಿರ. ಗಂಡಸರಿಗೆ ಮಾಡುವ ಶಸ್ತ್ರಚಿಕಿತ್ಸೆ ಹೊಲಿಗೆಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದು, ಹೆಂಗಸರಿಗೆ ಮಾಡುವುದು ಹೊಟ್ಟೆಯನ್ನು ಕೊಯ್ದೋ ತೂತು ಮಾಡಿಯೋ ನಾಳ ಕಟ್ಟುವಂಥದು. ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನು ಆರಿಸಿದ್ದಕ್ಕೆ ವೈದ್ಯಕೀಯದಲ್ಲಿ ಯಾವ ಆಧಾರವೂ ಇಲ್ಲ. ಶಸ್ತ್ರಚಿಕಿತ್ಸೆಯಿಂದ ಭಾರವಾದ ಕೆಲಸ ಮಾಡುವ ಗಂಡಸಿನ ಶಕ್ತಿ ಕುಂದುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದೇ ಮನೆಯ ಹೆಂಗಸು ಶಸ್ತ್ರಚಿಕಿತ್ಸೆಯ ಗಾಯ ಮಾಯುವ ಮೊದಲೇ ಹಸುವಿನ ಹಾಲು ಕರೆದು ಡೇರಿಗೆ ಹೊತ್ತೊಯ್ಯುವುದನ್ನು ಆ ನಂಬಿಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

1994ರಲ್ಲಿ ಕೈರೋದಲ್ಲಿ ನಡೆದ ಅಂತರರಾಷ್ಟ್ರೀಯ ಜನಸಂಖ್ಯಾ ಸಮ್ಮೇಳನವು ಜನಸಂಖ್ಯೆಯ ಗುರಿಗಿಂತ ವ್ಯಕ್ತಿಯ, ಮುಖ್ಯವಾಗಿ ಹೆಣ್ಣಿನ, ಆರೋಗ್ಯ ಮತ್ತು ಹಕ್ಕನ್ನು ಮುಂದಿಟ್ಟಿತು, ಅದರ ಬೆನ್ನಿಗೇ 1996ರಲ್ಲಿ ಭಾರತವು ವಿಧಾನವಾರು ಗುರಿಗಳನ್ನು ಕೈಬಿಟ್ಟಿತು. ಕಾಗದದ ಮೇಲೆ ಕೈಬಿಟ್ಟ ಗುರಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಗಳಲ್ಲಿ ಉಳಿಯಿತು. 2014ರಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಶಿಬಿರದಲ್ಲಿ ಹೆಂಗಸರು ಸತ್ತ ನಂತರ, 2016ರ ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ನಿರ್ದೇಶಿಸಿತು. ಶಿಬಿರಗಳಿಗಿಂತ ಆಳವಾದ ಕೊರತೆ ಹೆರಿಗೆಗಳ ನಡುವಿನ ಅಂತರದ ವಿಷಯದಲ್ಲಿದೆ. ಮದುವೆಯಾಗಿ ವರ್ಷಕ್ಕೆ ಮೊದಲ ಮಗು, ಅದರ ಹಿಂದೆಯೇ ಎರಡನೆಯದು, ಅದರೊಂದಿಗೇ ಆಪರೇಷನ್ ಎಂಬ ಕ್ರಮ ಈ ಸೀಮೆಯಲ್ಲಿ ರೂಢಿಯಾಗಿಬಿಟ್ಟಿದೆ. ಇಪ್ಪತ್ತೈದರ ಆಸುಪಾಸಿನಲ್ಲೇ ಹೆರುವ ಬದುಕು ಮುಗಿಯುತ್ತದೆ. ಹಳ್ಳಿಯಲ್ಲಿ ವಂಕಿ ಎಂದು ಕರೆಯುವ ಕಾಪರ್-ಟಿ, ನಿರೋಧ್, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಇವೆಲ್ಲ ಸರ್ಕಾರಿ ಆಸ್ಪತ್ರೆಯ ಪಟ್ಟಿಯಲ್ಲಿವೆ, ಆದರೆ ಮೊದಲ ಮಗುವಿಗೂ ಎರಡನೆಯದಕ್ಕೂ ಮೂರು ವರ್ಷಗಳ ಅಂತರ ಬಿಡಲು ಇವನ್ನು ಬಳಸುವವರು ಕಡಿಮೆ. ಮಕ್ಕಳು ಕಡಿಮೆಯಾದರೂ ತಾಯಿಯ ಮೈಯಲ್ಲಿ ರಕ್ತ ಹೆಚ್ಚಾಗದಿರುವುದಕ್ಕೆ ಇದೂ ಒಂದು ಕಾರಣ: ರಾಜ್ಯದ ಹೆಂಗಸರಲ್ಲಿ ರಕ್ತಹೀನತೆ 2015–16ರಲ್ಲಿ ಶೇ. 44.8 ಇದ್ದದ್ದು 2019–21ರಲ್ಲಿ ಶೇ. 47.8ಕ್ಕೆ ಏರಿದೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಮದುವೆಯ ವಯಸ್ಸು ಈ ಸರಪಣಿಯ ಮೊದಲ ಕೊಂಡಿ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹುಡುಗಿಯನ್ನು ಕೊಡುವ ಪದ್ಧತಿ ತೆಲುಗು, ಕನ್ನಡ, ತಮಿಳು ಬೆರೆತ ಈ ಗಡಿ ಸೀಮೆಯಲ್ಲಿ ಹಳೆಯದು. ಸಂಬಂಧ ಮೊದಲೇ ಗೊತ್ತಾಗಿರುವಾಗ ಹುಡುಗಿ ದೊಡ್ಡವಳಾದ ಕೂಡಲೇ ಮದುವೆಯ ಮಾತು ಬರುತ್ತದೆ. ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ರಾಜ್ಯವು ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ ತನ್ನ ತಿದ್ದುಪಡಿಯಲ್ಲಿ ಅಂಥ ಮದುವೆಯನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿತು. ಆದರೂ 20ರಿಂದ 24 ವರ್ಷದ ಹೆಂಗಸರಲ್ಲಿ 18 ತುಂಬುವ ಮುನ್ನ ಮದುವೆಯಾದವರ ಪಾಲು 2015–16ರಲ್ಲಿ ಶೇ. 21.4, 2019–21ರಲ್ಲಿ ಶೇ. 21.3, ಐದು ವರ್ಷದಲ್ಲಿ ಅದು ಕದಲಿಲ್ಲ. 2006ರ ನಂತರ ಹುಟ್ಟಿದ ಬಡ ಮನೆಗಳ ಹೆಣ್ಣುಮಕ್ಕಳಿಗಾಗಿ ತಂದ ಭಾಗ್ಯಲಕ್ಷ್ಮಿ ಯೋಜನೆಯಲ್ಲಿ, 18ರವರೆಗೆ ಮದುವೆ ಮಾಡಬಾರದು, ಶಾಲೆ ಬಿಡಿಸಬಾರದು ಎಂಬ ಷರತ್ತು ಒಳ್ಳೆಯದಾಗಿತ್ತು. ತಂದೆ ಅಥವಾ ತಾಯಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಬೇಕೆಂಬ ಷರತ್ತು ಮಾತ್ರ ಮಗಳ ಹಕ್ಕನ್ನು ತಾಯಿಯ ದೇಹಕ್ಕೆ ಗಂಟುಹಾಕಿತು, ಏಕೆಂದರೆ ಅಂಥ ಷರತ್ತು ಬಂದಾಗ ಮುಂದೆ ಬರುವವಳು ತಾಯಿಯೇ. ಹುಡುಗಿಯರ ಮದುವೆಯನ್ನು ನಿಜಕ್ಕೂ ಮುಂದೂಡುವುದು ಹತ್ತಿರದ ಪ್ರೌಢಶಾಲೆ, ಪದವಿಪೂರ್ವ ಕಾಲೇಜು, ಸಂಜೆಯ ಬಸ್ಸು ಮತ್ತು ಓದಿದ ಮೇಲೆ ಸಿಗುವ ಕೆಲಸ. ಮಾಲೂರಿನಲ್ಲೂ ನರಸಾಪುರ, ವೇಮಗಲ್‌ಗಳಲ್ಲೂ ಕೈಗಾರಿಕಾ ಪ್ರದೇಶಗಳು ಬಂದ ಮೇಲೆ ಸಂಬಳಕ್ಕೆ ಹೋಗುವ ಹುಡುಗಿಯರು ಹೆಚ್ಚಾಗಿದ್ದಾರೆ, ಮದುವೆಯ ಮಾತಿಗೆ ಅವರಲ್ಲಿ ಅನೇಕರು ತಾವೇ ಉತ್ತರ ಕೊಡುವಂತಾಗಿದೆ.

ದುಡಿಯುವ ವಯಸ್ಸಿನವರು ಹೆಚ್ಚಾಗಿ, ಅವಲಂಬಿತರು ಕಡಿಮೆಯಾಗುವ ಕೆಲವು ದಶಕಗಳ ಅನುಕೂಲವನ್ನು ಜನಸಂಖ್ಯಾ ಲಾಭಾಂಶ ಎನ್ನುತ್ತಾರೆ. ಆ ಲಾಭ ತಾನಾಗಿ ಬರುವುದಿಲ್ಲ. ಗುತ್ತಿಗೆಯ ಕೆಲಸ, ತಡವಾಗುವ ಕೂಲಿ, ಬೆಳಗಿನ ಜಾವ ಬಂಗಾರಪೇಟೆ, ಮಾಲೂರಿನ ಮೂಲಕ ಬೆಂಗಳೂರಿಗೆ ಹೋಗುವ ತುಂಬಿದ ರೈಲುಗಳಲ್ಲಿ ಅದರ ಬಹುಪಾಲು ಸೋರಿಹೋಗುತ್ತದೆ. ಹುಟ್ಟು ತಗ್ಗಿಸಿದ ರಾಜ್ಯಕ್ಕೆ ಹಣಕಾಸಿನಲ್ಲೂ ನ್ಯಾಯ ಸಿಗಲಿಲ್ಲ: 2011ರ ಜನಸಂಖ್ಯೆಯನ್ನು ಆಧಾರವಾಗಿ ಹಿಡಿದ 15ನೆಯ ಹಣಕಾಸು ಆಯೋಗದಡಿ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ. 4.713ರಿಂದ ಶೇ. 3.647ಕ್ಕೆ ಇಳಿಯಿತು. ಜನನ ನಿಯಂತ್ರಣದ ಸಾಧನೆಗೆ ಆಯೋಗ ಕೊಟ್ಟ ಅಂಕ ಆ ನಷ್ಟವನ್ನು ತುಂಬಲಿಲ್ಲ.

ಮಕ್ಕಳು ಕಡಿಮೆಯಾದ ಸೀಮೆಯಲ್ಲಿ ಮುಂದಿನ ಪ್ರಶ್ನೆ ಮುದುಕರದ್ದು. ಒಬ್ಬನೋ ಇಬ್ಬರೋ ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದ ಮನೆಗಳಲ್ಲಿ ಹಸು, ಹೊಲ, ಕಾಯಿಲೆ ಮೂರನ್ನೂ ನೋಡಿಕೊಳ್ಳುವವರು ಅರವತ್ತು ದಾಟಿದವರು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹೆರಿಗೆ ಮತ್ತು ಆಪರೇಷನ್ನಿಗೆಂದು ಕಟ್ಟಿದ ವ್ಯವಸ್ಥೆಯಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಕಡೆಗೆ ಇನ್ನೂ ಪೂರ್ತಿ ತಿರುಗಿಲ್ಲ. ಅದೇ ವೇಳೆಗೆ ಮಾಲೂರಿನ ಇಟ್ಟಿಗೆ ಗೂಡುಗಳಿಗೂ ಹೊಸ ಕಾರ್ಖಾನೆಗಳಿಗೂ ದೂರದ ರಾಜ್ಯಗಳಿಂದ ಎಳೆಯ ದಂಪತಿಗಳು ಬಂದು ನೆಲೆಸುತ್ತಿದ್ದಾರೆ. ಸ್ಥಳೀಯರು ಹೆರದೆ ಬಿಟ್ಟ ಕೈಗಳ ಕೆಲಸವನ್ನು ಇವರು ಮಾಡುತ್ತಾರೆ, ಆದರೆ ಊರಿನ ಮನೆಗಳ ಪಟ್ಟಿ ಹಿಡಿದು ಬರುವ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇವರ ಹೆಸರು ಅನೇಕ ವೇಳೆ ಇರುವುದಿಲ್ಲ. ಗೂಡಿನ ಬದಿಯ ಶೆಡ್ಡಿನಲ್ಲಿ ಬಸುರಿಯಾದ ಹೆಂಗಸಿಗೆ ಅವಳದೇ ಭಾಷೆಯಲ್ಲಿ ತಿಳಿಸಿ ಹೇಳುವವರು, ತಾಯಿ ಕಾರ್ಡು, ಅಂಗನವಾಡಿಯ ಊಟ, ಮುಂದಿನ ಮಗು ಯಾವಾಗ ಬೇಕೆಂದು ತಾನೇ ನಿರ್ಧರಿಸುವ ಸಾಧನ ಇವು ಸಿಗುವಂತೆ ಮಾಡುವುದು ಈ ನಾಲ್ಕು ತಾಲ್ಲೂಕುಗಳ ಆರೋಗ್ಯ ಇಲಾಖೆಯ ಮುಂದಿರುವ ಅತಿ ತುರ್ತಿನ ಕೆಲಸ.